ಹರಕೆ ಟಗರು, ನಾಲ್ಕು ಗಂಟೆ ಬಸ್ಸು

ಟಗರಿನದೇನೂ ತಪ್ಪಿರಲಿಲ್ಲ. ಗಂಡ ತಿಮ್ಮಯ್ಯನ ಹೊಟ್ಟೆನೋವು ವಾಸಿಯಾದರೆ ಬಂಡೆ ಮಾರಮ್ಮನಿಗೆ ಕೊಡುತ್ತೇನೆಂದು ಮಹದೇವಮ್ಮ ಹರಕೆ ಹೊತ್ತಾಗ ಅದಿನ್ನೂ ಹಾಲು ಬಿಡದ ಮರಿ. ಹೊಟ್ಟೆನೋವೇನೋ ವಾರದಲ್ಲೇ ಹೋಯಿತು. ಆದರೆ ಒಂದು ವರ್ಷ ದಾಯಾದಿಗಳ ಮನೆಯಲ್ಲಿ ಸಾವು, ಇನ್ನೊಂದು ವರ್ಷ ಹೆರಿಗೆ, ಅದು ಕಳೆಯಿತು ಎನ್ನುವಾಗ ಮತ್ತೆ ಸಾವು. ಸೂತಕದಲ್ಲಿ ಹರಕೆ ತೀರಿಸುವಂತಿಲ್ಲ, ಹೇಳಿಕೊಂಡ ಮರಿ ಬಿಟ್ಟು ಬೇರೆಯದನ್ನು ಕೊಡುವಂತೆಯೂ ಇಲ್ಲ. ಹೀಗೆ ಆರು ವರ್ಷ ಹುರುಳಿ ತಿಂದುಕೊಂಡು, ಬೀದಿಯವರನ್ನೆಲ್ಲ ಗುಮ್ಮಿಕೊಂಡು ಕೊಬ್ಬಿದ ಟಗರು ತೊಂಬತ್ತೆಂಟರ ಒಂದು ಮಂಗಳವಾರ ಕೊನೆಗೂ ಮಾರಮ್ಮನ ಪಾಲಾಯಿತು. ಬಂಡೆಯ ಮೇಲೆ ಮೂರು ಕಲ್ಲಿಟ್ಟು ಹೂಡಿದ ಒಲೆಯಲ್ಲಿ ಎರಡು ಗಂಟೆ ಕುದ್ದರೂ ಅದರ ಹಠ ಮಾತ್ರ ಇಳಿದಿರಲಿಲ್ಲ.

ಮಹದೇವಮ್ಮ ಸೌಟಿನಿಂದ ಒಂದು ತುಂಡನ್ನು ಒತ್ತಿ ನೋಡಿದಳು. ತುಂಡು ಪುಟಿದು ಪಕ್ಕಕ್ಕೆ ಹೋಯಿತು. ಬಾಯಿಗೆ ಹಾಕಿ ನೋಡೋಣವೆಂದರೆ ಅಮ್ಮನಿಗೆ ಎಡೆ ಇಡುವವರೆಗೆ ಯಾರೂ ರುಚಿ ನೋಡಬಾರದು. ಎಡೆಯಾಗಿ, ಉಂಡು, ಕೈ ತೊಳೆಯದೆ ಯಾರೂ ಆ ಜಾಗ ಬಿಟ್ಟು ಏಳಲೂ ಬಾರದು.

ನೆಂಟರು ಕಾದರೆ ಕಾಯಲಿ, ತಿಂದು ತೇಗುವುದಕ್ಕೆ ಬಂದವರು ತಾನೇ. ಅವಳ ಚಿಂತೆಯೆಲ್ಲ ಆಲದ ಮರದಡಿ ಕೋಲೂರಿಕೊಂಡು ಕೂತಿದ್ದ ಅಣ್ಣ ಸಣ್ಣಯ್ಯನದು. ಏಳು ವರ್ಷದ ಹಿಂದೆ ಅವಳ ಮಗಳ ಬೀಗರೂಟದಲ್ಲಿ ಬಡಿಸುವ ಪುಣ್ಯಾತ್ಮ ಯಾರೋ, ಹುಡುಗಿಯ ಸೋದರಮಾವನೆಂಬುದನ್ನೂ ನೋಡದೆ, ಅವನ ಎಲೆಗೆ ಬರೀ ಕತ್ತಿನ ಮೂಳೆ ಸುರಿದು ಮುಂದೆ ಹೋಗಿದ್ದ. ಸಣ್ಣಯ್ಯ ಎಲೆ ಮಡಿಚಿ ಎದ್ದ. "ನಿನ್ ಒಸ್ಲು ಇನ್ ತುಳಿಯಾಕಿಲ್ಲ" ಎಂದು ಹೇಳಿ ಬಿಳಿಗೆರೆ ಬಸ್ಸು ಹತ್ತಿದವನು ತುಳಿದಿರಲಿಲ್ಲ. ಈಗ ಮೂರು ಸಲ ಹೇಳಿಕಳಿಸಿದ ಮೇಲೆ ಒಪ್ಪಿದ್ದ, ಅದೂ ಕರಾರಿನ ಮೇಲೆ. ದೇವರ ಜಾಗಕ್ಕೆ ಬರುತ್ತೇನೆ, ಮನೆಗೆ ಬರುವುದಿಲ್ಲ, ಉಂಡು ಅಲ್ಲಿಂದಲೇ ನಾಲ್ಕು ಗಂಟೆ ಬಸ್ಸಿಗೆ ಹೋಗುತ್ತೇನೆ. ಬಂಡೆಯಿಂದ ಮೂಗೂರು ರಸ್ತೆಗೆ ಎರಡು ಮೈಲಿ. ಆ ಬಸ್ಸು ತಪ್ಪಿದರೆ ಬೆಳಿಗ್ಗೆ ಆರಕ್ಕೇ ಇನ್ನೊಂದು.

ಹೇಳಿದಂತೆ ಬಂದ. ಬಂದವನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅಣ್ಣನ ಹಲ್ಲು ಉದುರಿದ್ದೂ ತಂಗಿಗೆ ತಿಳಿಯದಷ್ಟು ದೂರವಾಗಿ ಹೋಯಿತೇ ಎಂದು ಮಹದೇವಮ್ಮನಿಗೆ ಅಳು ಬಂದಿತ್ತು. ಈರುಳ್ಳಿಯ ಮೇಲೆ ಹಾಕಿ ಕಣ್ಣೊರೆಸಿಕೊಂಡಿದ್ದಳು.

"ಅಮ್ಮಿ, ಪರಂಗಿಕಾಯಿ ಕುಯ್ದು ಆಕು. ಬೆಣ್ಣೆಯಂಗೆ ಬೇಯ್ತದೆ," ಎಂದ ತಿಮ್ಮಯ್ಯ, ಒಲೆಗೆ ಸೌದೆ ತಳ್ಳುತ್ತ.

ಪರಂಗಿಕಾಯಿ ಇತ್ತು. ಈ ಟಗರಿನ ಯೋಗ್ಯತೆ ಅವಳಿಗೆ ಗೊತ್ತಿಲ್ಲದ್ದೇ? ಬೆಳಿಗ್ಗೆಯೇ ಹಿತ್ತಲಿನ ಗಿಡದಿಂದ ಕಿತ್ತು ಎಲೆಅಡಿಕೆಯ ಚೀಲದೊಳಗೆ ಹಾಕಿಕೊಂಡು ಬಂದಿದ್ದಳು. ಚೀಲಕ್ಕೆ ಕೈ ಹಾಕಿ ಕಾಯಿ ಹಿಡಿದಳು. ಅಷ್ಟರಲ್ಲಿ ಮರದಡಿಯಿಂದ ಅಣ್ಣನ ದನಿ ಬಂತು.

"ಗಂಟೆ ಎಷ್ಟಾಯ್ತು ಬಾವ? ಬಸ್ಸು ತಪ್ಪುದಂಗೆ ನೋಡ್ಕಳಿ."

ಗಂಟೆ ಒಂದೂವರೆ. ಈಗ ಕಾಯಿ ಬಿದ್ದರೆ ಎರಡೂವರೆಗೆ ಎಡೆ, ಮೂರರೊಳಗೆ ಊಟ, ನಾಲ್ಕಕ್ಕೆ ಬಸ್ಸು. ಅಣ್ಣ ಕೈ ತೊಳೆದು ಹೊರಟರೆ ಮುಗಿಯಿತು. ಮತ್ತೆ ಅವನ ಮುಖ ನೋಡುವುದು ಇನ್ನು ಯಾವ ಹರಕೆಗೋ, ಯಾರ ಸಾವಿಗೋ. ಮಹದೇವಮ್ಮ ಕಾಯಿ ಬಿಟ್ಟು ಬರಿಗೈ ಹೊರಗೆ ತೆಗೆದಳು.

"ಮರ್ತ್ ಬಂದ್ಬುಟ್ಟಿವ್ನಿ ಕಣಿ," ಎಂದಳು ಗಂಡನಿಗೆ.

ದೇವರೆದುರಿಗೇ ಸುಳ್ಳು. ಗುಡಿಯ ಕಡೆ ತಿರುಗಿ, ಯಾರಿಗೂ ಕಾಣದಂತೆ ಕೆನ್ನೆ ತಟ್ಟಿಕೊಂಡಳು. ಬಿಂದಿಗೆ ಎತ್ತಿಕೊಂಡು ಕೆಳಗಿನ ಕಟ್ಟೆಗೆ ಹೋಗಿ, ಆದಷ್ಟು ನಿಧಾನವಾಗಿ ನೀರು ತಂದಳು. ಬರುವಷ್ಟರಲ್ಲಿ ಸಣ್ಣಯ್ಯ ಕುಟ್ಟಾಣಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಟಕಟಕ ಕುಟ್ಟುತ್ತ ಕೂತಿದ್ದ. ಇವಳು ಕುದಿಯುವ ತಪ್ಪಲೆಗೆ ಎರಡು ಚೊಂಬು ತಣ್ಣೀರು ಸುರಿದಳು. ಗಂಡ ಅತ್ತ ಹೋದಾಗ ಎರಡು ಕೊಳ್ಳಿಯನ್ನೂ ಹಿಂದಕ್ಕೆಳೆದಳು.

ಮೂರೂವರೆಯಾಯಿತು. ನೆಂಟರ ಹೊಟ್ಟೆ ಚುರುಗುಟ್ಟಿ ಮಾತು ಖಾರವಾಯಿತು. "ಟಗರು ಬೇಯ್ಸ್ತಾ ಇದ್ದರೋ, ಬಂಡೆ ಬೇಯ್ಸ್ತಾ ಇದ್ದರೋ?" ಎಂದರು ಯಾರೋ. ಅಣ್ಣ ಎಲ್ಲಿ ಕೋಲೆತ್ತಿಕೊಂಡು ಹೊರಟುಬಿಡುತ್ತಾನೋ ಎಂದು ಮಹದೇವಮ್ಮ ಕದ್ದು ಕದ್ದು ಮರದ ಕಡೆ ನೋಡುತ್ತಿದ್ದಳು. ಸಣ್ಣಯ್ಯ ಎದ್ದ. ಎದ್ದು, ನೆರಳಿದ್ದ ಕಡೆಗೆ ಸರಿದು ಮತ್ತೆ ಕೂತ.

"ಎಡೆ ಆಗ್ದೆ ಏಳಾಕಾಯ್ತದಾ? ಸುಮ್ಕೆ ಕುಂತ್ಕಳಿ," ಎಂದ, ಗೊಣಗುತ್ತಿದ್ದವರಿಗೆ.

ದೂರದ ರಸ್ತೆಯಲ್ಲಿ ಬಸ್ಸು ಧೂಳೆಬ್ಬಿಸಿಕೊಂಡು ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆ ಮಹದೇವಮ್ಮ ಕೊಳ್ಳಿಗಳನ್ನು ಒಳಕ್ಕೆ ತಳ್ಳಿದಳು. ಐದೂವರೆಗೆ ಎಡೆಯಾಯಿತು. ಅಣ್ಣನ ಎಲೆಗೆ ಬಡಿಸಲು ಈ ಸಲ ಯಾರನ್ನೂ ಬಿಡಲಿಲ್ಲ. ಒಂದೊಂದು ತುಂಡನ್ನೂ ಚಿವುಟಿ, ಮೂಳೆ ಬಿಡಿಸಿ, ಎಳೆ ಎಳೆ ಮಾಡಿ ಹಾಕಿದಳು. ಸಣ್ಣಯ್ಯ ಮುದ್ದೆ ನುಂಗಿದ, ಮಾಂಸ ಚೀಪಿದ, ಎರಡನೆಯ ಸಲ ಸಾರು ಬಿಡಿಸಿಕೊಂಡ. ಬಸ್ಸಿನ ಸುದ್ದಿ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಹೊತ್ತ ಎತ್ತಿನಗಾಡಿ ಮನೆ ಮುಂದೆ ನಿಂತಿತು. ಮಹದೇವಮ್ಮ ಓಡಿಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಸಣ್ಣಯ್ಯ ಕಾಲು ತೊಳೆದುಕೊಂಡು ಹೊಸ್ತಿಲ ಎದುರು ನಿಂತ. ಅವಳು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅವನು ಬಲಗಾಲಿಟ್ಟು ಒಳಗೆ ಬಂದು ನಡುಮನೆಯಲ್ಲಿ ಕೂತ.

"ಕೂಸೇ, ಆ ಚೀಲದಲ್ಲಿರಾ ಪರಂಗಿಕಾಯ ಬೆಳಿಗ್ಗೆ ಪಲ್ಯ ಮಾಡು. ವೇಸ್ಟ್ ಆದದು," ಎಂದ.

ಮಹದೇವಮ್ಮ ಗಂಡ ಕೇಳಿಸಿಕೊಂಡನೇ ಎಂದು ಬಾಗಿಲ ಕಡೆ ನೋಡಿದಳು. "ಯಾವಾಗ್ ನೋಡ್ದೆ ಅಣ್ಣಯ್ಯ?"

"ನೀನು ನೀರ್ಗೋಗಿದ್ದಾಗ. ಎಲೆಅಡಿಕೆ ತಕ್ಕಳಾವಾಗ." ಸಣ್ಣಯ್ಯ ಟವೆಲಿನಿಂದ ಪಾದ ಒರೆಸಿಕೊಂಡ. "ಮೊದ್ಲೇ ಸೀರೆ ಸೆರಗಲ್ಲಿ ಮಡಿಕಬಾರ್ದಾಗಿತ್ತಾ? ನಿನ್ ಗಂಡನ ಕೈಗೆ ಸಿಕ್ಕಾತು ಅಂತ ಚೀಲ ಪಕ್ಕದಲ್ಲಿ ಮಡಿಕಂಡು ಕಾಯ್ಕಂಡೇ ಕುಂತಿದ್ದೆ."