ಎರಡನೇ ಚೀಟಿ

"ಏ ಮಲ್ಲಿ, ಆ ಲೋಟಾ ಮ್ಯಾಲಿನ ಸಿಂಕಿಗೆ ತರಬ್ಯಾಡಂತ ಎಷ್ಟ ಸಲ ಬೊಗಳಬೇಕ ನಿನಗ? ಡಿಶ್‌ವಾಷರ್ ಒಳಗ ಇಟ್ಟಿಯೇನು ಮತ್ತ?"

"ಇಲ್ರಿ ಅವ್ವಾರ. ಕೆಳಗ ಬಿಸಿನೀರು ಬರವಲ್ದು, ತೊಳಿಯಾಕ ತಂದೆ."

"ಬರವಲ್ದಂದ್ರ ತಣ್ಣೀರಾಗ ತೊಳಿ. ಊರಾಗ ನಿನಗ ಗೀಜರ್ ಇತ್ತೇನು?"

ಜ್ಯೋತ್ಸ್ನಾ ದೇಸಾಯಿ ದನಿ ಏರಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಬಂದ ಮಂದಿ ಕೂತಿದ್ದರು. ಮಲ್ಲವ್ವ ತನ್ನ ಸ್ಟೀಲ್ ಲೋಟವನ್ನು ಸ್ವೆಟರಿನ ಕಿಸೆಗೆ ಇಳಿಬಿಟ್ಟು ಮತ್ತೆ ಬಾಣಲೆಯ ಮುಂದೆ ನಿಂತಳು. ಅವಳ ಕೈಯ ಮಿರ್ಚಿ ಆ ಮನೆಯಲ್ಲಿ ಎಲ್ಲರಿಗೂ ನಡೆಯುತ್ತಿತ್ತು. ಅವಳ ಲೋಟ ಮಾತ್ರ ನಡೆಯುತ್ತಿರಲಿಲ್ಲ.

ತೊಂಬತ್ತೇಳರ ಫೆಬ್ರವರಿ ಅದು. ಕೆನಡಾದ ಎಟೋಬಿಕೋಕಿನ ಆ ಮನೆಗೆ ದಿನಾ ಸಂಜೆ ಮಂದಿ ಬರುತ್ತಿದ್ದರು. ಮನೆಯ ಯಜಮಾನ, ಜ್ಯೋತ್ಸ್ನಾಳ ಗಂಡ ಆನಂದಕುಮಾರ ದೇಸಾಯಿ ಪಕ್ಕದ ಊರಾದ ವಾನ್‌ನ ಗೋದಾಮುಗಳಿಗೆ ಕೂಲಿಯವರನ್ನು ಒದಗಿಸುವ ಏಜೆನ್ಸಿ ಇಟ್ಟುಕೊಂಡಿದ್ದ. ಬೇಸಿಗೆಯ ಹೊತ್ತಿಗೆ ಪಾರ್ಲಿಮೆಂಟಿನ ಚುನಾವಣೆ ಬರುತ್ತದೆಂದು ಸುದ್ದಿ ಇತ್ತು. ಆ ಕ್ಷೇತ್ರಕ್ಕೆ ಪಕ್ಷದ ಟಿಕೆಟ್ಟು ಯಾರಿಗೆ ಎಂದು ಅಲ್ಲಿನ ಪಕ್ಷದ ಸದಸ್ಯರೇ ಓಟು ಹಾಕಿ ಆರಿಸುವ ಪದ್ಧತಿ. ಆ ಟಿಕೆಟ್ಟಿಗೆ ತಾನೇ ನಿಂತಿದ್ದ ದೇಸಾಯಿ ಸಿಕ್ಕಸಿಕ್ಕವರನ್ನೆಲ್ಲ ಸದಸ್ಯರನ್ನಾಗಿ ಮಾಡಿದ್ದ. ಸದಸ್ಯನಾಗಲು ಆ ದೇಶದ ಪ್ರಜೆಯೇ ಆಗಬೇಕೆಂದಿರಲಿಲ್ಲ, ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕಿತ್ತು. ಮಲ್ಲವ್ವನ ಕೈಗೂ ಒಂದು ಕಾರ್ಡು ಬಂದಿತ್ತು.

ಅವಳು ಬಂದದ್ದು ಮನೆಗೆಲಸದ ಪರ್ಮಿಟ್ಟಿನ ಮೇಲೆ. ಯಜಮಾನರ ಮನೆಯಲ್ಲೇ ಇದ್ದು ಎರಡು ವರ್ಷ ದುಡಿದರೆ ಕಾಯಂ ಕಾಗದ ಸಿಗುತ್ತದೆ. ಕಾಗದ ಸಿಕ್ಕರೆ ಊರಲ್ಲಿ ತಂಗಿಯ ಮನೆಯಲ್ಲಿರುವ ಮಗಳು ವಸಂತಾಳನ್ನು ಕರೆಸಿಕೊಳ್ಳಬಹುದು. ಅದಕ್ಕಿನ್ನು ಮೂರು ತಿಂಗಳು ಉಳಿದಿತ್ತು.

ಹೊರಗೆ ದೇಸಾಯಿಯ ಮಾತು ರಂಗೇರಿತ್ತು.

"ನಮ್ಮ ಅಜ್ಜಾರದು ದ್ವಿಸದಸ್ಯ ಕ್ಷೇತ್ರ, ಚಂದ್ರಮೋಹನ್. ಒಂದ ಕ್ಷೇತ್ರ, ಇಬ್ಬರು ಎಂಪಿ. ಒಂದು ಸೀಟು ಜನರಲ್ಲು, ಒಂದು ರಿಸರ್ವ್."

"ಹಾಗೂ ಇತ್ತಾ? ನಂಗೆ ಗೊತ್ತೇ ಇರ್ಲಿಲ್ಲ ನೋಡಿ," ಎಂದ ಚಂದ್ರಮೋಹನ. ಮೈಸೂರಿನವನು, ಮೆಡೋವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಕನ್ನಡ ಬಳಗದ ಅಧ್ಯಕ್ಷ.

"ಐವತ್ತೆರಡು, ಐವತ್ತೇಳು, ಎರಡೂ ಇಲೆಕ್ಷನ್ನಿಗೆ ಇತ್ತು. ಒಬ್ಬೊಬ್ಬರಿಗೆ ಎರಡೆರಡು ಚೀಟಿ. ಆಗ ಠಸ್ಸೆ ಒತ್ತೂದು ಇದ್ದಿಲ್ಲ, ನಿಂತವರಿಗೆ ಒಂದೊಂದು ಪೆಟಗಿ. ಒಂದು ಚೀಟಿ ಅಜ್ಜಾರ ಪೆಟಗ್ಯಾಗ, ಇನ್ನೊಂದು ನಮ್ಮ ಆಳು ಭರಮ್ಯಾನ ಪೆಟಗ್ಯಾಗ ಹಾಕ್ರಿ ಅಂತ ಕೇರಿ ತುಂಬ ಡಂಗುರ ಹೊಡಿಸಿದ್ರು. ಐವತ್ತೇಳರಾಗ ಈ ಮಂದಿ ಏನ್ಮಾಡಿದ್ರು ಹೇಳ್ರಿ? ಎರಡೂ ಒಯ್ದು ಭರಮ್ಯಾನ ಪೆಟಗ್ಯಾಗ ಒಗದ್ರು! ಒಂದರಾಗ ಎರಡು ಹಾಕಿದ್ರ ಒಂದು ಕೆಟ್ಟಂಗ, ರೂಲ್ ಅದು. ಸಾವಿರಗಟ್ಟಲೆ ಚೀಟಿ ಕಸಾ ಆತು. ಬುದ್ಧಿ ನೋಡ್ರಿ!"

"ಡಬಲ್ ಆಶೀರ್ವಾದ ಅನ್ಕೊಂಡಿರ್ಬೇಕು ಪಾಪ!" ಎಂದ ಚಂದ್ರಮೋಹನ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಲ್ಲವ್ವ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ದೇಸಾಯಿ ಅವಳತ್ತ ಕೈ ಚಾಚಿದ.

"ಇಕಿನ ನೋಡ್ರಿ, ಆ ಭರಮ್ಯಾನ ಮಗಳು. ಎಂಪಿ ಮಗಳು ಮಿರ್ಚಿ ತಂದಾಳ, ತಗೋರಿ, ತಗೋರಿ."

ಮತ್ತೆ ನಗು. ಮಲ್ಲವ್ವ ಒಬ್ಬೊಬ್ಬರ ಮುಂದೆಯೂ ಬಗ್ಗಿ ತಟ್ಟೆ ಹಿಡಿದಳು. ಚಂದ್ರಮೋಹನ ಎರಡು ಮಿರ್ಚಿ ತೆಗೆದುಕೊಂಡು, "ಚೆನ್ನಾಗಿದೆಯಮ್ಮ," ಎಂದ.

ಮರುದಿನ ದೇಸಾಯಿ ಬೇಸ್‌ಮೆಂಟಿಗೆ ಇಳಿದು ಬಂದ. ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ ಪರದೆ ಕಟ್ಟಿದ ಜಾಗ ಮಲ್ಲವ್ವನದು. ಅವನು ಕೂರಲಿಲ್ಲ.

"ಐತವಾರ ಹಾಲಿನ್ಯಾಗ ಓಟಿಂಗ್ ಐತಿ. ಅದಕಿಂತ ಮದಲ ನೀ ಸ್ಟೇಜ್ ಮ್ಯಾಲ ಎರಡು ಮಾತು ಹೇಳಬೇಕು. ಈ ಬಿಳೇ ಮಂದಿ ಕೇಳತಾರ, ನಿಮ್ಮ ದೇಶದಾಗ ಜಾತಿ ಐತೆಲ್ಲ ಅಂತ. ನಿನ್ನ ತೋರಿಸಿದ್ರ ಬಾಯಿ ಮುಚ್ಚತಾರ."

"ಏನಂತ ಹೇಳಲ್ರಿ ಧಣ್ಯಾರ?"

"ದೊಡ್ಡ ದೇಸಾಯರು ನಮ್ಮಪ್ಪನ ಕೈ ಹಿಡದು ಪಾರ್ಲಿಮೆಂಟಿಗೆ ಕರಕೊಂಡು ಹೋದ್ರು, ಇವರು ನನ್ನ ಕೈ ಹಿಡದು ಕೆನಡಾಕ್ಕ ಕರಕೊಂಡು ಬಂದ್ರು. ಅಷ್ಟ. ಕನ್ನಡದಾಗ ಹೇಳು, ಇಂಗ್ಲಿಷಿನ್ಯಾಗ ನಾ ಹೇಳತೀನಿ."

ಮಲ್ಲವ್ವ ನೆಲ ನೋಡುತ್ತ ಕೇಳಿದಳು: "ಐವತ್ತೇಳರಾಗ ನಮ್ಮಪ್ಪಗ ಓಟು ಹೆಚ್ಚಿಗಿ ಬಿದ್ದಿದ್ದವು. ದೊಡ್ಡ ಧಣ್ಯಾರು ಅವನ ಹಿಂದ ಎರಡನೇದವರಾಗಿ ಆರಿಸಿ ಬಂದ್ರು. ಅದನ್ನೂ ಹೇಳಲ್ಯಾ?"

ದೇಸಾಯಿಯ ಮುಖ ಕಪ್ಪಿಟ್ಟಿತು.

"ಏನಂದಿ ರಂಡೇ? ಕೇರಿ ಹುಚ್ಚ ಮುಂಡೇವು ಓಟು ಕೆಡಿಸಿದ್ದಕ್ಕ ಆತದು. ಮೂರು ತಿಂಗಳೈತಿ ನಿಂದು, ನೆಪ್ಪಿರಲಿ. ನಾ ಹೂಂ ಅಂದ್ರ ಕಾಗದ, ಇಲ್ಲಂದ್ರ ವಿಮಾನ. ವಸಂತಿ ಇಲ್ಲಿ ಸಾಲಿ ಕಲೀಬೇಕೋ, ನಮ್ಮ ಹೊಲದಾಗ ಕಳೆ ತಗೀಬೇಕೋ, ನೀನ ನೋಡು."

ಅವನು ಹತ್ತಿ ಹೋದ ಮೇಲೆ ಮಲ್ಲವ್ವ ಅಲ್ಲೇ ಕೂತಳು. ಅಪ್ಪನ ಕೈಯನ್ನು ದೇಸಾಯರು ಹೇಗೆ ಹಿಡಿದಿದ್ದರೆಂಬುದು ಅವಳಿಗೆ ಗೊತ್ತಿತ್ತು. ದಿಲ್ಲಿಯಲ್ಲಿ ಇಬ್ಬರು ಸದಸ್ಯರಿಗೆ ಸರ್ಕಾರ ಎರಡು ಮನೆ ಕೊಟ್ಟಿತ್ತು. ಎರಡರಲ್ಲೂ ದೇಸಾಯರ ಬೀಗರೇ ಇಳಿದುಕೊಳ್ಳುತ್ತಿದ್ದರು. ಭರಮಪ್ಪ ಬೆಳಿಗ್ಗೆ ಎದ್ದು ಅವರಿಗೆಲ್ಲ ಚಹಾ ಕಾಸಿ, ಪಾತ್ರೆ ತಿಕ್ಕಿ, ಆಮೇಲೆ ಕರಿ ಕೋಟು ಹಾಕಿಕೊಂಡು ದೇಸಾಯರ ಚೀಲ ಹೊತ್ತು ಲೋಕಸಭೆಗೆ ನಡೆಯುತ್ತಿದ್ದ. ದೇಸಾಯರು ಕೈ ಎತ್ತಿದಾಗ ಎತ್ತುತ್ತಿದ್ದ. ಬಾಗಿಲ ಕಾವಲಿನವನು ಇಬ್ಬರಿಗೂ ಒಂದೇ ಥರ ಸಲಾಮು ಹೊಡೆಯುತ್ತಿದ್ದನಂತೆ. ಊರಿಗೆ ಬಂದಾಗ ಅಪ್ಪ ದಿಲ್ಲಿಯ ಬಗ್ಗೆ ಹೇಳುತ್ತಿದ್ದುದು ಅದೊಂದನ್ನೇ.

ಆಮೇಲೆ ಸರ್ಕಾರ ಜೋಡಿ ಕುರ್ಚಿಯ ಕ್ಷೇತ್ರಗಳನ್ನೇ ತೆಗೆದು ಹಾಕಿತು. ಅರವತ್ತೆರಡರಲ್ಲಿ ಆ ಭಾಗಕ್ಕೆ ಒಂದೇ ಕುರ್ಚಿ, ಅದೂ ಮೀಸಲು ಇಲ್ಲದ್ದು. ದೇಸಾಯರು ನಿಂತರು, ಗೆದ್ದರು. ಭರಮಪ್ಪ ಅವರದೇ ಕೊಟ್ಟಿಗೆಗೆ ವಾಪಸು ಬಂದ. ಆಳಿನ ಹಿಂದೆ ಎರಡನೆಯವನಾದ ಸಿಟ್ಟು ದೇಸಾಯರಿಗೆ ಇಳಿದಿರಲಿಲ್ಲ. "ಎಂಪಿ ಸಾಹೇಬ್ರು ಕೋಟು ಕಳೀಬಾರದು," ಎಂದರು. ಭರಮಪ್ಪ ಆ ಕೋಟು ಹಾಕಿಕೊಂಡೇ ಸಗಣಿ ಬಳಿದ. ತೋಳು ಹರಿದು ಬೀಳುವ ತನಕ ಬಳಿದ.

ಇನ್ನು ಆ ಕೆಟ್ಟ ಚೀಟಿಗಳ ಮಾತು. ಅವತ್ತು ಏಳು ವರ್ಷದ ಮಲ್ಲವ್ವ ಅವ್ವನ ಸೆರಗು ಹಿಡಿದು ಬಾವಿಯ ಹತ್ತಿರ ನಿಂತಿದ್ದಳು. ಅವ್ವ ಗಂಗವ್ವ ಕೇರಿಯ ಹೆಂಗಸರನ್ನು ಕೂಡಿಸಿಕೊಂಡು ಹೇಳಿದ್ದಳು:

"ಹೊರಗ ಬಂದಕೂಡ್ಲೇ ದೇಸಾಯಿ ಮಂದಿ ಕೈ ಬಿಚ್ಚಿಸಿ ನೋಡತಾರ. ಚೀಟಿ ಉಳಿಸಿಕೊಂಡು ಬಂದ್ರ ಬಾರಕೋಲು ಬೀಳತೈತಿ. ಕೈ ಖಾಲಿ ಆಗಬೇಕು, ಅವನ ಪೆಟಗಿ ತುಂಬಬಾರದು. ಎರಡೂ ನಮ್ಮನಿಯವರ ಪೆಟಗ್ಯಾಗ ಹಾಕ್ರಿ. ಒಂದು ಕೆಡತೈತಿ. ಕೆಡ್ಲಿ."

ಎರಡು ಹಾಕಿದರೆ ಒಂದು ಕೆಡುತ್ತದೆಂಬುದನ್ನು ಅಪ್ಪ ದೇಸಾಯರ ಕಟ್ಟೆಯ ಕೆಳಗೆ ಕೂತು ಕೇಳಿಸಿಕೊಂಡು ಬಂದಿದ್ದ. ಎಣಿಕೆಯಾದ ಮೇಲೆ ಊರಿಗೆ ಊರೇ ಕೇರಿಯವರನ್ನು ದಡ್ಡರೆಂದು ನಕ್ಕಿತು. ಹೆಂಗಸರು ತಾವೂ ತಲೆ ಕೆರೆದುಕೊಂಡು, "ನಮಗೇನ ತಿಳೀತೈತ್ರಿ ಯಪ್ಪಾ," ಎಂದರು. ದಡ್ಡರೆಂದರೆ ಬೈಗುಳ ಅಷ್ಟೇ. ತಿಳಿದು ಮಾಡಿದರೆಂದು ಗೊತ್ತಾಗಿದ್ದರೆ ಗುಡಿಸಲಿಗೆ ಬೆಂಕಿ ಬೀಳುತ್ತಿತ್ತು. ಆ ಹೆಂಗಸರಲ್ಲಿ ಈಗ ಯಾರೂ ಉಳಿದಿರಲಿಲ್ಲ. ನಗು ಮಾತ್ರ ಉಳಿದು, ಸಮುದ್ರ ದಾಟಿ, ಎಟೋಬಿಕೋಕಿನ ತನಕ ಬಂದಿತ್ತು.

ಭಾನುವಾರ ಹಾಲಿನ ಮುಂದೆ ಹಳದಿ ಸ್ಕೂಲ್ ಬಸ್ಸುಗಳು ಸಾಲಾಗಿ ನಿಂತವು. ದೇಸಾಯಿಯ ಏಜೆನ್ಸಿಯ ಹೆಣ್ಣಾಳುಗಳು ಇಳಿದರು. ಪಂಜಾಬಿನವರು, ಜಾಫ್ನಾದವರು, ಬೆಳಗಾವಿ ಕಡೆಯ ನಾಲ್ಕೈದು ಜನ. ಬರದಿದ್ದವರಿಗೆ ಸೋಮವಾರದಿಂದ ಶಿಫ್ಟಿಲ್ಲ ಎಂದು ಮೊದಲೇ ಹೇಳಿ ಆಗಿತ್ತು.

ಜ್ಯೋತ್ಸ್ನಾ ತನ್ನ ಹಳೇ ಇಳಕಲ್ ಸೀರೆಯನ್ನು ಮಲ್ಲವ್ವನಿಗೆ ಉಡಿಸಿದ್ದಳು. "ಸೆರಗು ತಲಿ ಮ್ಯಾಲ ಇರಲಿ. ಫೋಟೋದಾಗ ಚಂದ ಕಾಣತೈತಿ," ಎಂದಿದ್ದಳು. ಮಲ್ಲವ್ವ ವೇದಿಕೆ ಹತ್ತಿದಳು. ಪಕ್ಷದ ಒಬ್ಬ ದೊಡ್ಡ ಮನುಷ್ಯ, ನೆರೆಗೂದಲಿನ ಬಿಳಿಯ, ಎದ್ದು ನಿಂತು ಅವಳಿಗೆ ಕೈ ಮುಗಿದ. ಅವಳ ಜೀವಮಾನದಲ್ಲಿ ಕೋಟು ಹಾಕಿದವನೊಬ್ಬ ಅವಳಿಗೆ ಕೈ ಮುಗಿದದ್ದು ಅದೇ ಮೊದಲು.

ಅವಳು ಮೈಕಿನ ಮುಂದೆ ನಿಂತಳು. ವಸಂತಾಳ ಮುಖ ಕಣ್ಣ ಮುಂದೆ ಬಂತು.

"ನಾ ಮಲ್ಲವ್ವ. ಭರಮಪ್ಪನ ಮಗಳು," ಎಂದಳು. "ಇವರ ಅಜ್ಜ ನಮ್ಮಪ್ಪನ ಕೈ ಹಿಡದಿದ್ದು ಖರೇ. ಚೀಲ ಹೊರಾಕ ಹಿಡದಿದ್ರು. ಎಂಪಿ ಆದವನ ಕೈಲೆ ಸಗಣಿ ಬಳಿಸಿದ್ರು. ನಮ್ಮ ಕೇರಿ ಹೆಣಮಕ್ಕಳು ಎರಡು ಚೀಟಿ ಒಂದ ಪೆಟಗ್ಯಾಗ ಹಾಕಿದ್ದು ತಿಳೀಲಾರದ ಅಲ್ರಿ. ದೇಸಾಯಿಗೆ ಒಂದೂ ಬೀಳಬಾರದಂತ, ತಿಳದ ಹಾಕಿದ್ರು. ನಮ್ಮವ್ವನ ಹೇಳಿಕೊಟ್ಟಿದ್ಲು. ನಾ ಅಲ್ಲೇ ಇದ್ದೆ."

ಕನ್ನಡ ಬಂದವರೆಲ್ಲ ಕಲ್ಲಾದರು. ಬೆಳಗಾವಿ ಕಡೆಯ ಹೆಂಗಸೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ದೇಸಾಯಿಯ ನಗೆ ಮಾತ್ರ ಅಲುಗಲಿಲ್ಲ. ಅವನು ಮೈಕಿಗೆ ಬಗ್ಗಿದ.

"ಶಿ ಸೇಸ್, ಮೈ ಗ್ರಾಂಡ್‌ಫಾದರ್ ವಾಸ್ ಲೈಕ್ ಎ ಗಾಡ್ ಟು ದೆಮ್."

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ನೆರೆಗೂದಲಿನವನು ಕಣ್ಣೊರೆಸಿಕೊಂಡ. ಚಂದ್ರಮೋಹನ ಸುತ್ತ ನೋಡಿ, ತಾನೂ ತಟ್ಟಿದ.

ಮಲ್ಲವ್ವ ಇಳಿಯಲಿಲ್ಲ. ಮೈಕಿನ ಕುತ್ತಿಗೆ ಗಟ್ಟಿಯಾಗಿ ಹಿಡಿದು ತನಗೆ ಬರುವಷ್ಟು ಇಂಗ್ಲಿಷ್ ಒಟ್ಟುಗೂಡಿಸಿದಳು.

"ನೋ. ನೋ ಗಾಡ್. ಮೈ ಫಾದರ್ ನಂಬರ್ ಒನ್. ಹಿಸ್ ಗ್ರಾಂಡ್‌ಫಾದರ್ ನಂಬರ್ ಟೂ. ದಿಸ್ ಮ್ಯಾನ್ ಟೆಲ್ ಯು ಲೈ."

ನೆರೆಗೂದಲಿನವನ ಕೈ ಅರ್ಧಕ್ಕೇ ನಿಂತಿತು. ದೇಸಾಯಿ ಮೈಕು ಕಿತ್ತುಕೊಂಡ. "ಪೂರ್ ಥಿಂಗ್, ಶಿ ಗೆಟ್ಸ್ ಇಮೋಷನಲ್," ಎಂದು ಎಲ್ಲರಿಗೂ ಹೇಳಿ, ಅವಳ ಕಿವಿಯ ಹತ್ತಿರ ಹಲ್ಲು ಕಡಿದ: "ಇವತ್ತ ಮನಿ ಬಿಡು, ಹಲ್ಕಟ್."

"ಬಿಡತೀನಿ," ಎಂದಳು.

ಮೆಟ್ಟಿಲ ಕೆಳಗೆ ಚಂದ್ರಮೋಹನ ಅಡ್ಡ ಬಂದ. "ಏನಮ್ಮಾ ಇದು, ಹೊರಗಿನವ್ರ ಮುಂದೆ? ಕನ್ನಡದವರ ಮಾನ ಹೋಯ್ತಲ್ಲ."

"ಯಾವ ಕನ್ನಡದವರದ್ರಿ ಸಾಹೇಬ್ರ? ಅವತ್ತ ನಗುವಾಗ ಹೋಗಲಿಲ್ಲೇನ್ರಿ ಮಾನ?"

ಅವನು ದಾರಿ ಬಿಟ್ಟ.

ಓಟಿನ ಸಾಲು ಶುರುವಾಗಿತ್ತು. ಮಲ್ಲವ್ವ ಕಾರ್ಡು ಹಿಡಿದು ನಿಂತಳು. ಯಾರಿಗೆ ಹಾಕಬೇಕೆಂದು ಅವಳು ಇನ್ನೂ ಯೋಚಿಸಿರಲಿಲ್ಲ. ಯಾರಿಗೆ ಹಾಕಬಾರದೆಂಬುದು ಗೊತ್ತಿತ್ತು. ಸಾಲು ಸರಿದು ಟೇಬಲ್ಲು ಬಂತು. ಅಲ್ಲಿ ಕೂತ ಬಿಳಿ ಹುಡುಗಿ ಹೆಸರು ಹುಡುಕಿ, ನಕ್ಕು, ಕಟ್ಟಿನಿಂದ ಒಂದು ಚೀಟಿ ಹರಿದು ತೆಗೆದಳು. ಅಷ್ಟರಲ್ಲಿ ಜ್ಯೋತ್ಸ್ನಾ ಹಿಂದಿನಿಂದ ಬಂದು ಟೇಬಲ್ಲಿನ ಮೇಲೆ ಬಾಗಿದಳು.

"ಶಿ ಡಸಂಟ್ ಲಿವ್ ವಿತ್ ಅಸ್ ಎನಿಮೋರ್."

ಹುಡುಗಿಯ ಕೈ ನಿಂತಿತು. "ವೇರ್ ಡು ಯು ಲಿವ್, ಮ್ಯಾಮ್?"

ಮಲ್ಲವ್ವನಿಗೆ ಪ್ರಶ್ನೆ ಅರ್ಥವಾಯಿತು. ಹುಡುಗಿ ಪಾಪದವಳು, ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತೀರಾ ಎಂದು ಕೈಸನ್ನೆ ಮಾಡಿದಳು.

ಮಲ್ಲವ್ವ ಪಕ್ಕಕ್ಕೆ ನಿಲ್ಲಲಿಲ್ಲ. ಇಳಕಲ್ ಸೀರೆಯ ನಿರಿಗೆ ಎತ್ತಿ, ಬೂಟುಗಾಲು ಮಡಿಸಿ, ಟೇಬಲ್ಲಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಚೀಟಿ ಕೊಡ್ರಿ," ಎಂದಳು.

ಹಿಂದೆ ನಿಂತಿದ್ದ ಪಂಜಾಬಿ ಮುದುಕಿ ಬಗ್ಗಿ ಕೇಳಿದಳು: "ಕ್ಯಾ ಹುವಾ, ಭೈಣ್?"

"ಮೇರಾ ಘರ್ ಪೂಛ್ತಾ."

ಮುದುಕಿ ತಲೆಯೆತ್ತಿ ನೋಡಿದಳು. ದೇಸಾಯಿ ಆ ಕಡೆಯಿಂದ ಅವಳಿಗೇ ಕೈ ಬೀಸುತ್ತಿದ್ದ. ದಾಟಿಕೊಂಡು ಬಾ, ಮುಂದೆ ಬಾ. ಸೋಮವಾರದ ಶಿಫ್ಟು ಆ ಕೈಯಲ್ಲಿತ್ತು. ಮುದುಕಿ ತನ್ನ ಚೀಲವನ್ನು ಕಾಲ ಹತ್ತಿರ ಇಳಿಸಿದಳು. ಮುಂದೆ ಬರಲಿಲ್ಲ.

ಬಸ್ಸುಗಳು ಇನ್ನೂ ಬರುತ್ತಲೇ ಇದ್ದವು. ಮುಂದೆ ಸರಿಯದ ಸಾಲು ಬೆಳೆದು ಬಾಗಿಲು ದಾಟಿ ಹಿಮದಲ್ಲಿ ನಿಂತಿತು. ತೆರೆದ ಬಾಗಿಲಿನಿಂದ ನುಗ್ಗಿದ ಗಾಳಿ ವೇದಿಕೆಯ ಬ್ಯಾನರನ್ನು ಬಡಿಯತೊಡಗಿತು. ಬಾಗಿಲು ಹಾಕಿ, ಬಾಗಿಲು ಹಾಕಿ ಎಂದು ಒಳಗಿನವರು ಕೂಗಿದರು. ಹೊಸ್ತಿಲ ಮೇಲೆ ಜನ ನಿಂತಿದ್ದರು.