ಮರಳದವರ ಪಟ್ಟಿ

ಆರೋಗ್ಯ ಇಲಾಖೆಯ ನಾಲ್ಕನೇ ಮಹಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಶೇಕಡಾ ಮೇಡಂ. ರೋಗಿಗಳ, ವಯಸ್ಸಾದವರ ಆರೈಕೆಗೆ ಸರ್ಕಾರ ಏನು ಮಾಡಿದರೆ ಎಷ್ಟು ಜನರಿಗೆ ಒಳ್ಳೆಯದಾಗುತ್ತದೆ ಎಂದು ಲೆಕ್ಕ ಹಾಕಿ ಹೇಳುವ ಅರ್ಥಶಾಸ್ತ್ರಜ್ಞೆ. ಟೀ ಹೇಗಿದೆ ಎಂದು ಕೇಳಿದರೂ ನೂರಕ್ಕೆ ಇಷ್ಟು ಅನ್ನುತ್ತಾಳೆ ಎಂದು ಗುಮಾಸ್ತರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ, ಅವಳಿಗೂ ಅದು ಗೊತ್ತಿತ್ತು.

ಅವಳದೊಂದು ಹಟವಿತ್ತು. ಯಾವ ವರದಿಗೇ ಆಗಲಿ, ಸಹಿ ಹಾಕುವ ಮುಂಚೆ ಮೂಲ ಪಟ್ಟಿಯಿಂದ ಇಪ್ಪತ್ತು ಸಾಲುಗಳನ್ನು ಆರಿಸಿಕೊಂಡು ಬರಿಗಣ್ಣಿನಲ್ಲಿ ಓದಬೇಕು. ಕಂಪ್ಯೂಟರು ಇಡೀ ಪಟ್ಟಿಯನ್ನು ಅರೆದು ಕುಡಿದಿರುವಾಗ ಇವಳು ಬೆರಳಿಟ್ಟು ಓದುವುದೇನು ಎಂದು ಅದಕ್ಕೂ ನಗುತ್ತಿದ್ದರು.

ಅಂದು ಸಹಿಯಾಗಬೇಕಿದ್ದದ್ದು ‘ಬೇಗ ಮನೆಗೆ’ ಯೋಜನೆಯ ವರದಿ. ನಾಲ್ಕು ವರ್ಷ ಅವಳು ಹೊತ್ತು ಹೆತ್ತಂತೆ ಬೆಳೆಸಿದ ಯೋಜನೆ ಅದು. ವಯಸ್ಸಾದ ರೋಗಿಗಳನ್ನು ಐದಾರು ದಿನ ಮೊದಲೇ ಆಸ್ಪತ್ರೆಯಿಂದ ಮನೆಗೆ ಕಳಿಸುವುದು, ನರ್ಸು ಹತ್ತು ದಿನಕ್ಕೊಮ್ಮೆ ಮನೆಗೇ ಹೋಗಿ ನೋಡಿಕೊಂಡು ಬರುವುದು. ಮೂವತ್ತು ದಿನದೊಳಗೆ ರೋಗಿ ಆಸ್ಪತ್ರೆಗೆ ಮರಳಿದರೆ ಸೋಲು, ಮರಳದಿದ್ದರೆ ಗೆಲುವು. ಮೂರು ಆಸ್ಪತ್ರೆಗಳಲ್ಲಿ ಪ್ರಯೋಗ ಮುಗಿದಿತ್ತು, ಗೆಲುವು ನೂರಕ್ಕೆ ತೊಂಬತ್ತರ ಹತ್ತಿರ. ಮಧ್ಯಾಹ್ನ ಮೂರಕ್ಕೆ ಸಭೆ. ಅಲ್ಲಿ ಒಪ್ಪಿಗೆ ಸಿಕ್ಕರೆ ಮುಂದಿನ ತಿಂಗಳಿಂದ ಎಲ್ಲ ಆಸ್ಪತ್ರೆಗಳಲ್ಲೂ ಇದೇ ಪದ್ಧತಿ.

ಹನ್ನೊಂದನೇ ಸಾಲಿಗೆ ಬಂದಾಗ ಬೆರಳು ನಿಂತಿತು. ಹೆಸರಿಲ್ಲ, ಸಂಖ್ಯೆ ಮಾತ್ರ. ವಯಸ್ಸು ಎಪ್ಪತ್ತಮೂರು, ಗಂಡಸು, ಶ್ವಾಸಕೋಶದ ಸೋಂಕು. ಷರಾದಲ್ಲಿ ಯಾರೋ ನರ್ಸು ಬರೆದಿದ್ದಳು: ‘ಬಲಗೈಗೆ ಎರಡು ಬೆರಳಿಲ್ಲ, ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಎಡಗೈ ಬೆರಳಿಗೇ ಹಾಕಿ.’ ಕೊನೆಯ ಅಂಕಣದಲ್ಲಿ: ‘ಮರಳಲಿಲ್ಲ.’

ಆ ಎರಡು ಬೆರಳುಗಳನ್ನು ಗರಗಸಕ್ಕೆ ಕೊಟ್ಟ ಬಡಗಿ ಅವಳ ಸೋದರಮಾವ. ತಂದೆಯಿಲ್ಲದ ಅವಳನ್ನು ಓದಿಸಿದವನು. ಮನೆಗೆ ಬಂದ ಎಂಟನೇ ದಿನ ಬೆಳಿಗ್ಗೆ ಅವನು ತೀರಿಕೊಂಡು ಏಳು ತಿಂಗಳಾಗಿತ್ತು. ಅವಳು ಅತ್ತಿದ್ದಳು, ನಾಲ್ಕು ದಿನ ರಜೆ ಹಾಕಿದ್ದಳು, ಮನೆಯ ಸಂಕಟವನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಮರಳಿದ್ದಳು. ಸತ್ತವರು ಆಸ್ಪತ್ರೆಗೆ ಹೇಗೆ ತಾನೆ ಮರಳುತ್ತಾರೆ? ಅವಳ ಲೆಕ್ಕದಲ್ಲಿ ಮಾವ ಗೆದ್ದವರ ಪಟ್ಟಿಯಲ್ಲಿದ್ದ. ಬುದ್ಧಿವಂತರು ಮಾಡುವ ತಪ್ಪೇ ಬೇರೆ, ನೋಡಿ. ದಡ್ಡರಿಗೆ ಅಷ್ಟು ದೊಡ್ಡ ತಪ್ಪು ಮಾಡಲು ಬರುವುದಿಲ್ಲ.

ಮರಣದ ದಾಖಲೆ ಇದ್ದದ್ದು ಎರಡೇ ಮಹಡಿ ಕೆಳಗೆ, ಬೇರೆ ವಿಭಾಗದಲ್ಲಿ. ನಾಲ್ಕು ವರ್ಷದಲ್ಲಿ ಯಾರೂ ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅವಳು ಲಿಫ್ಟಿಗೂ ಕಾಯದೆ ಇಳಿದುಹೋದಳು. ಮರಳದವರು ಆರುನೂರ ನಲವತ್ತು ಜನ. ಅವರಲ್ಲಿ ಐವತ್ತೆಂಟು ಜನ ಆ ಮೂವತ್ತು ದಿನದೊಳಗೇ ಹೋಗಿಬಿಟ್ಟಿದ್ದರು. ಹಳೆಯ ಪದ್ಧತಿಯಂತೆ ಪೂರ್ತಿ ದಿನಗಳನ್ನು ಆಸ್ಪತ್ರೆಯಲ್ಲೇ ಕಳೆದು ಮನೆಗೆ ಹೋದ, ಅದೇ ವಯಸ್ಸಿನ ಅಷ್ಟೇ ಜನರಲ್ಲಿ ಸತ್ತವರು ಇಪ್ಪತ್ತೊಂಬತ್ತು. ಎರಡೂ ಪಟ್ಟಿ ಹಿಡಿದು ಅವಳು ಕಾರ್ಯದರ್ಶಿಗಳ ಕೋಣೆಗೆ ಹೋದಳು.

ಕಾರ್ಯದರ್ಶಿಗಳು ಸಭೆಗೆ ಕಾಗದ ಜೋಡಿಸುತ್ತಿದ್ದರು. ಕೆಟ್ಟವರಲ್ಲ, ದಣಿದವರು. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ವಯಸ್ಸಾದವರು ಮೇಡಂ. ಆಸ್ಪತ್ರೇಲಿದ್ರೂ ಹೋಗ್ತಿದ್ರೇನೋ."

"ಇಪ್ಪತ್ತೊಂಬತ್ತು ಜನ ಹೋಗ್ತಿದ್ರು ಸರ್. ಇನ್ನೂ ಇಪ್ಪತ್ತೊಂಬತ್ತು ಜನಾನ ನಾವು ಕಳಿಸಿದ್ದೀವಿ."

"ಅಳತೆ ಹೀಗೇ ಇರ್ಲಿ ಅಂತ ಬರೆದೋರು ನೀವೇ ಅಲ್ವಾ?"

"ನಾನೇ."

"ಇದನ್ನ ಹೇಳಿದ್ರೆ ನಿಮ್ಮ ನಾಲ್ಕು ವರ್ಷ ನೀರಲ್ಲಿ ಹೋಮ."

"ಗೊತ್ತು ಸರ್. ಮೂರು ಗಂಟೆಗೆ ಇದು ಪಾಸಾದ್ರೆ ಇನ್ನೆಷ್ಟು ಮನೇಲಿ ಹೀಗಾಗುತ್ತೆ ಅಂತಾನೂ ಲೆಕ್ಕ ಹಾಕ್ಕೊಂಡೇ ಬಂದಿದ್ದೀನಿ. ಬೇಕಾದ್ರೆ ತೋರಿಸ್ತೀನಿ."

ಅವರು ಆ ಲೆಕ್ಕ ನೋಡಲಿಲ್ಲ. ಸಭೆಯ ಪಟ್ಟಿಯಿಂದ ಯೋಜನೆಯನ್ನು ಪೆನ್ನಿನಲ್ಲಿ ಹೊಡೆದುಹಾಕಿದರು. ಆಮೇಲೆ ನಿಧಾನವಾಗಿ ಕೇಳಿದರು, "ಒಂದು ನಂಗೆ ಅರ್ಥ ಆಗ್ತಿಲ್ಲ. ಉಸಿರು ಜಾಸ್ತಿಯಾದ್ರೆ ತಕ್ಷಣ ವಾಪಸ್ ಬನ್ನಿ ಅಂತ ಚೀಟಿ ಬರೆದು ಕೊಟ್ಟಿದ್ದೀವಲ್ಲ. ಅವರು ಯಾಕೆ ಬರ್ಲಿಲ್ಲ?"

ಐವತ್ತೆಂಟು ಮನೆಗಳಿಗೂ ಫೋನ್ ಮಾಡಿ ಕೇಳಿ, ಒಂದು ವಾರದಲ್ಲಿ ಬರೆದು ಕೊಡಿ ಎಂದರು. ಗುಮಾಸ್ತರ ಕೈಲಿ ಮಾಡಿಸುವ ಕೆಲಸವಲ್ಲ ಅದು. ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹೊಸ ಹಾಳೆಯಲ್ಲಿ ‘ಮರಳದಿರಲು ಕಾರಣ’ ಎಂದು ಬರೆದು ಗೆರೆ ಎಳೆದಳು. ಬಾಯಿಪಾಠವಿದ್ದ ನಂಬರಿಗೇ ಮೊದಲು ಫೋನ್ ಮಾಡಿದಳು.

"ಅತ್ತೆ, ಮಾವಂಗೆ ಉಸಿರು ಜಾಸ್ತಿಯಾಗಿದ್ದು ಯಾವತ್ತು?"

"ಐದನೇ ದಿನ. ಯಾಕೆ ಪುಟ್ಟಿ, ಈಗ?"

"ಕೆಲಸಕ್ಕೆ ಬೇಕಿತ್ತು. ಆವಾಗ್ಲೇ ಆಸ್ಪತ್ರೆಗೆ ಯಾಕೆ ವಾಪಸ್ ಹೋಗ್ಲಿಲ್ಲ ನೀವು?"

ಲೈನು ಕಡಿದುಹೋಯಿತೇನೋ ಎಂದು ಅವಳು ಎರಡು ಸಲ ಕರೆದಳು.

"ಇದ್ದೀನಿ ಕಣೇ. ನಾನು ಬ್ಯಾಗಿಗೆ ಬಟ್ಟೆ ತುಂಬಿದ್ದೆ, ಗಾಡಿಗೂ ಹೇಳಿದ್ದೆ. ಅವರೇ ಏಳ್ಲಿಲ್ಲ. ಡಿಸ್ಚಾರ್ಜ್ ದಿನ ನೀನು ಆಸ್ಪತ್ರೆಗೆ ಬಂದಿದ್ಯಲ್ಲ. ಬಾಗಿಲ ಹತ್ರ ನಗ್ತಾ ಅಂದ್ಯಂತೆ, ‘ಮೂವತ್ತು ದಿನ ಈ ಕಡೆ ತಲೆ ಹಾಕ್ಬೇಡಿ ಮಾವ, ನನ್ನ ಲೆಕ್ಕ ಕೆಡುತ್ತೆ’ ಅಂತ. ಅದನ್ನೇ ಹಿಡ್ಕೊಂಡು ಕೂತ್ರು. ಮಗೂ ಲೆಕ್ಕ ಕೆಡ್ಸೋದು ಬೇಡ, ಇನ್ನು ಇಪ್ಪತ್ತೈದು ದಿನ ತಾನೆ, ತಡ್ಕೋತೀನಿ ಅಂದ್ರು."

ಅವಳಿಗೆ ಆ ಮಾತು ಮರೆತೇಹೋಗಿತ್ತು. ತಮಾಷೆಗೆ ಆಡಿದ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ನಂಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಬದುಕ್ತಿದ್ಯಾ? ನನ್ನ ಜೊತೇಲೇ ಹೋಗ್ಲಿ ಅಂತ ಇಟ್ಕೊಂಡಿದ್ದೆ. ನೀನಾಗಿ ಕೇಳ್ದೆ, ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ."

ಅವಳು ಅತ್ತಳು. ಹೊರಗಿನವರಿಗೆ ಕೇಳಿಸುತ್ತದೆ ಎಂಬ ಪರಿವೆಯೂ ಇಲ್ಲದೆ ಅತ್ತಳು. ಆ ಕಡೆಯಿಂದ ಅತ್ತೆ ಫೋನ್ ಇಡದೆ ಜೊತೆಗಿದ್ದಳು.

ಆಮೇಲೆ ಅವಳು ಪೆನ್ನು ತೆಗೆದುಕೊಂಡು ಮೊದಲ ಸಾಲಿನಲ್ಲಿ ಬರೆದಳು: ‘ಮರಳಬೇಡಿ ಎಂದು ನಾವೇ ಹೇಳಿದ್ದೆವು.’ ಬರೆದದ್ದನ್ನು ಒಮ್ಮೆ ಓದಿದಳು. ‘ನಾವೇ ಹೇಳಿದ್ದೆವು’ ಎಂಬುದನ್ನು ಹೊಡೆದು ‘ನಾನೇ ಹೇಳಿದ್ದೆ’ ಎಂದು ತಿದ್ದಿ, ಎರಡನೇ ಮನೆಯ ನಂಬರು ಒತ್ತಿದಳು.