ನಕ್ಷೆಗೆ ಬಂದ ಬಾವಿ

ಕಡಲ್ಗಳ್ಳರ ಕಾಟ ವಿಪರೀತವಾದ ವರ್ಷ, ಫೂಜಿಯಾನ್ ಕರಾವಳಿಯ ದಳಪತಿ ಔಯಾಂಗ್ ಚಿತ್ರಕಾರ ಷಾವ್ ಗುಯಿಯನ್ನು ನಕ್ಷೆ ಬರೆಯಲು ದೋಣಿ ಹತ್ತಿಸಿದ. ಕೊಲ್ಲಿ, ಬಂಡೆ, ಕಾವಲು ಗೋಪುರ, ಸಿಹಿನೀರು ಯಾವುದನ್ನೂ ಬಿಡಬಾರದೆಂದು ಅಪ್ಪಣೆ. ನೀರು ಸಿಗುವ ದ್ವೀಪಗಳಿಗೇ ಕಳ್ಳರ ಹಡಗುಗಳು ಬರುತ್ತಿದ್ದವು. ಅಂಥಲ್ಲಿ ದಂಡಿನವರು ಬಾವಿ ಮುಚ್ಚಿಸಿ, ಜನರನ್ನು ಒಳನಾಡಿಗೆ ಸಾಗಿಸಿಬಿಡುತ್ತಿದ್ದರು.

ಚಿಕ್ಕ ದ್ವೀಪವೊಂದರಲ್ಲಿ ಷಾವ್ ಜ್ವರದಿಂದ ಮಲಗಿಬಿಟ್ಟ. ಅಲ್ಲಿದ್ದುದು ಒಂದೇ ಮನೆ. ಬೆಸ್ತರ ವಿಧವೆ ಅಜುನ್, ಕಣ್ಣು ಕಾಣದ ಅವಳ ಅತ್ತೆ. ಒಣ ಸಿಗಡಿ ಹಾಕಿದ ಗಂಜಿ ಕುಡಿಸಿ ಅಜುನ್ ಅವನನ್ನು ಎಬ್ಬಿಸಿ ಕೂರಿಸಿದಳು.

ಅವನು ಕಾಗದ ಬಿಚ್ಚಿದಾಗ ಬಗ್ಗಿ ನೋಡಿದಳು. "ಅಯ್ಯೋ, ಸಮುದ್ರಾನ ಮೇಲ್ಗಡೆ ಬರ್ದಿದೀರಲ್ಲ! ನಮ್ಮ ತಲೆ ಮೇಲೆ ಸುರಿಯೋಕಾ?"

"ಶತ್ರು ಬರೋ ಕಡೆ ಮೇಲಿರ್ಬೇಕು ಕಣಮ್ಮ."

ಅವಳ ನಗು ನಿಂತಿತು. "ನಮ್ಮ ಬಾವೀನೂ ಬರೀತೀರಾ?"

ಷಾವ್ ಕುಂಚವನ್ನು ಮಸಿಗೆ ಅದ್ದಿದ.

"ನನ್ನ ಗಂಡನ್ನ ಕಳ್ಳರು ಕಡಿದಿದ್ದು ಅದರ ಹತ್ರಾನೇ. ಆದ್ರೂ ಎಲ್ಲಿಗೆ ಹೋಗ್ಲಿ ಸ್ವಾಮಿ? ಈ ಅಂಗಳ ಬಿಟ್ರೆ ಅತ್ತೆಗೆ ಹೆಜ್ಜೆ ಇಡೋಕೂ ಆಗಲ್ಲ."

"ಬರೀದಿದ್ರೆ ಎದುರು ದಡದ ಹಳ್ಳಿಗಳಿಗೆ ನಾನೇ ಮೋಸ ಮಾಡಿದ ಹಾಗೆ."

ಅವಳ ಕಣ್ಣೆದುರೇ ಅವನು ಬಾವಿಯನ್ನು ಬರೆದ. ಅಜುನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದಂಡಿನ ಕೋಟೆಗೆ ಮರಳಿದ ಷಾವ್ ನಕ್ಷೆ ಹಾಸಿ, ಅಜುನ್ ಗಂಜಿ ಕುಡಿಸಿ ಬದುಕಿಸಿದ್ದನ್ನೂ ಹೇಳಿ, ದಳಪತಿಯ ಮುಂದೆ ಮಂಡಿಯೂರಿದ. "ಬಾವಿ ಮುಚ್ಚಿಸ್ಬೇಡಿ ಬುದ್ದಿ. ಅಲ್ಲೊಂದು ಕಾವಲು ಇಡಿ."

"ಗಂಜಿ ಹಾಕಿದವಳ ಋಣ ಮಾತಾಡಿಸ್ತಿದೆಯೇನಯ್ಯ?"

"ಹೌದು ಬುದ್ದಿ. ಆದ್ರೂ ನಕ್ಷೆ ನೋಡಿ. ಉತ್ತರದ ಗೋಪುರದ ಹೊಗೆ ಸನ್ನೆ ದಕ್ಷಿಣದವರಿಗೆ ಕಾಣಲ್ಲ. ನಡುವೆ ಇರೋದು ಈ ದ್ವೀಪ ಒಂದೇ. ಕಾವಲಿನವರಿಗೂ ನೀರು ಬೇಕಲ್ಲ?"

ಔಯಾಂಗ್ ನಕ್ಷೆಯ ಮೇಲೆ ಬೆರಳಾಡಿಸಿದ. "ಐದು ಜನ ಕೊಡ್ತೀನಿ. ಕಳ್ಳರು ಅಲ್ಲಿ ಒಂದು ಕೊಡ ನೀರು ತುಂಬಿಸ್ಕೊಂಡರೂ ಬಾವಿಗೆ ಕಲ್ಲು ತುಂಬಿಸ್ತೀನಿ, ತಿಳೀತಾ?"

ಸಿಪಾಯಿಗಳ ಜೊತೆ ಷಾವ್ ತಾನೂ ಹೋದ. ಒಲೆಗೆ ಕಟ್ಟಿಗೆ ಒಡೆಯುತ್ತಿದ್ದ ಅಜುನ್ ಅವನತ್ತ ತಿರುಗಿಯೂ ನೋಡಲಿಲ್ಲ. "ಈ ಗಂಡಸರಿಗೆಲ್ಲ ಬೇಯಿಸಿಹಾಕೋಳು ನಾನೇನಾ?" ಎಂದು ಅತ್ತೆಯನ್ನು ಕೇಳಿದಳು.

"ಇರ್ಲಿ ಬಿಡೆ. ಮನೇಲಿ ಮಾತು ಕೇಳಿಸಿ ಎಷ್ಟು ಕಾಲ ಆಯ್ತು!" ಎಂದಳು ಮುದುಕಿ.

ಬೇಸಿಗೆಯಲ್ಲಿ ಕಳ್ಳರು ಬಂದರು. ಹಾಯಿಗಳನ್ನು ಮೊದಲು ಕಂಡ ಅಜುನ್ ಗುಡ್ಡ ಹತ್ತಿ ತಾನೇ ಸನ್ನೆಯ ಬೆಂಕಿ ಹಚ್ಚಿದಳು. ಎದುರು ದಡದವರು ಮಕ್ಕಳುಮರಿಗಳೊಂದಿಗೆ ಕೋಟೆ ಸೇರುವಷ್ಟು ಸಮಯ ಸಿಕ್ಕಿತು. ಬಾವಿ ಕಾಯುತ್ತ ಇಬ್ಬರು ಸಿಪಾಯಿಗಳು ಸತ್ತರು. ಕಳ್ಳರು ನೀರಿಲ್ಲದೆ ಹಿಂದಿರುಗಿದರು.

ಸತ್ತವರ ಊರು ದೂರವಿತ್ತು. ಅಜುನ್ ತನ್ನ ಗಂಡನ ಪಕ್ಕದಲ್ಲೇ ಅವರನ್ನು ಹೂಳಿಸಿದಳು.